ಮಾಹಿತಿದಾರ 14ರ ಹೆಸರು: ಕುಲಪತಿಗಳಿಗೊಂದು ಬಹಿರಂಗ ಪತ್ರ

ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ ಮತ್ತು ರಾಜ್ಯ ಉನ್ನತ ಶಿಕ್ಷಣ ಪರಿಷತ್ತಿನ ಸದಸ್ಯರಿಗೆ,

ನಮಸ್ಕಾರ.

ಮೂವತ್ತು ವರ್ಷ ಸಮಾಜಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಕಾಡು, ಅಣೆಕಟ್ಟು, ಅವುಗಳ ನಡುವೆ ಸಿಕ್ಕಿಕೊಂಡ ಜನ, ಇದು ನನ್ನ ಸಂಶೋಧನೆಯ ವಿಷಯವಾಗಿತ್ತು. ಸಾಮಾಜಿಕ ನ್ಯಾಯ, ಪರಿಸರ ನ್ಯಾಯ ಎಂಬ ಮಾತುಗಳನ್ನು ನಾನು ಬರೆದಷ್ಟು ಸಲ ಮನೆಯ ಲೆಕ್ಕದ ಪುಸ್ತಕದಲ್ಲಿ ಅಕ್ಕಿ, ಬೇಳೆ ಎಂದೂ ಬರೆದಿರಲಿಕ್ಕಿಲ್ಲ. ಅದರಿಂದ ನನಗೆ ನೌಕರಿ ಸಿಕ್ಕಿತು, ಬಡ್ತಿ ಸಿಕ್ಕಿತು, ಪಿಂಚಣಿಯೂ ಬರುತ್ತಿದೆ. ನಾನು ಯಾರ ಬಗ್ಗೆ ಬರೆದೆನೋ ಅವರಿಗೆ ಏನು ಸಿಕ್ಕಿತು ಎಂದು ನನ್ನನ್ನು ಮೊದಲ ಸಲ ಕೇಳಿದ್ದು ಯಾವ ಆಯ್ಕೆ ಸಮಿತಿಯೂ ಅಲ್ಲ, ಉತ್ತರ ಕನ್ನಡದ ಸಿದ್ದಾಪುರ ಸೀಮೆಯಿಂದ ಬಂದ ಒಂದು ಫೋನು.

2019ರ ಫೆಬ್ರುವರಿ ಅದು. ಕಾಡಿನಲ್ಲಿ ತಲೆಮಾರುಗಳಿಂದ ಬದುಕುತ್ತಿರುವವರಿಗೆ ಅಲ್ಲಿನ ಭೂಮಿಯ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ತಿರಸ್ಕೃತವಾದವರನ್ನೆಲ್ಲ ಕಾಡಿನಿಂದ ತೆರವು ಮಾಡಿ ಎಂದು 13ನೇ ತಾರೀಕು ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆದೇಶ ಕೊಟ್ಟಿತ್ತು. 28ಕ್ಕೆ ಆ ಆದೇಶಕ್ಕೆ ಕೋರ್ಟೇ ತಡೆ ಕೊಟ್ಟಿತು. ನಡುವಿನ ಹದಿನೈದು ದಿನ ನಮ್ಮ ಜಿಲ್ಲೆಯ ಬೆಟ್ಟದ ಬುಡಗಳಲ್ಲಿ ಎಷ್ಟು ಮನೆಯವರು ಕಣ್ಣುಮುಚ್ಚದೆ ಕಳೆದರೋ! ಆ ದಿನಗಳಲ್ಲೇ ಒಬ್ಬಳು ಹುಡುಗಿ, ಪದವಿ ಓದುತ್ತಿದ್ದವಳು, ಫೋನು ಮಾಡಿದಳು. "ಅಕ್ಕೋರೆ, ನೀವು ನಮ್ಮೂರ ಮೇಲೆ ಪುಸ್ತಕ ಬರೆದೀರಂತೆ. ಅದರಲ್ಲಿ ನಮ್ಮ ಮುತ್ತಜ್ಜ ಹೇಳಿದ್ದು ಉಂಟಂತೆ, ಹೌದಾ?"

ಇತ್ತು. ಆದರೆ ಹೆಸರಿರಲಿಲ್ಲ.

ಆ ಹುಡುಗಿಯ ಮುತ್ತಜ್ಜನ ಜೊತೆ ನಾನು ಮಾತಾಡಿದ್ದು 1992ರಲ್ಲಿ, ಪಿಎಚ್‌ಡಿಯ ಕ್ಷೇತ್ರಕಾರ್ಯಕ್ಕೆ ಹೋದಾಗ. ಎಪ್ಪತ್ತರ ಆಸುಪಾಸಿನ ಮುದುಕ. ಹದಿನೇಳು ಮನೆಗಳ ಮಜರೆ, ಮೇಲೆ ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ. ಬೆಟ್ಟವೂ ತೋಟವೂ ಬೇರೆಯವರದು. ಇವರದು ನಡುವಿನ ಒಂದಿಷ್ಟು ಗದ್ದೆ, ಮನೆ, ಹಿತ್ತಿಲು. ಕಾಗದದಲ್ಲಿ ಅದೂ ಅರಣ್ಯ. ಮೂರು ದಿನ ಅಜ್ಜ ನನ್ನನ್ನು ಸುತ್ತಾಡಿಸಿದರು. ಅವರಪ್ಪ ತೋಡಿದ ಬಾವಿ, ಊರದೇವತೆಯ ಚೌಡಿ ಕಟ್ಟೆ, ಹೆಣ ಹೂಳುವ ಜಾಗ, ಒಂದು ದೊಡ್ಡ ಹಲಸಿನ ಮರ, ಎಲ್ಲವನ್ನೂ ತೋರಿಸಿದರು. ಮರದ ಬುಡದಲ್ಲಿ ಕೂತು ಹೇಳಿದ ಮಾತನ್ನು ಹಾಗೇ ಬರೆದುಕೊಂಡಿದ್ದೆ: "ಕರ ಕೊಡೂದಿಲ್ಲ ಹೇಳಿ ಒಡೇರ ಮನೆ ಜಪ್ತಿ ಆತಲ್ಲ, ಆ ವರ್ಷ ಈ ಮರ ಮೊದಲ ಕಾಯಿ ಬಿಟ್ಟಿತ್ತು. ಪೊಲೀಸರು ಬಂದ್ರು ಹೇಳಿ ನಾ ಇದರ ಮೇಲೇ ಹತ್ತಿ ಕೂತಿದ್ದೆ."

ನಮ್ಮ ಜಿಲ್ಲೆಯವರಿಗೆ ಈ ಮಾತಿನ ತೂಕ ಗೊತ್ತು. ಬ್ರಿಟಿಷರ ವಿರುದ್ಧ ಸಿದ್ದಾಪುರ, ಅಂಕೋಲೆಗಳ ಕರನಿರಾಕರಣೆ ಚಳವಳಿ ನಡೆದದ್ದು 1930ರಿಂದ 32ರ ನಡುವೆ. ಬೀಜದಿಂದ ಬೆಳೆಸಿದ ಹಲಸು ಕಾಯಿ ಬಿಡಲು ಸಾಮಾನ್ಯವಾಗಿ ಐದಾರು ವರ್ಷವಾದರೂ ಬೇಕು. ಅಂದರೆ ಆ ಮನೆಯವರು 1930ಕ್ಕೆ ಮೊದಲೇ ಅಲ್ಲಿ ನೆಲೆಯೂರಿದ್ದರು.

ಈ 1930ನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳಿಂದ ಕೇಳುವುದು ಅದನ್ನೇ. 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ ಇಪ್ಪತ್ತೈದು ವರ್ಷ, ಒಟ್ಟು ಎಪ್ಪತ್ತೈದು ವರ್ಷದಿಂದ ಕಾಡನ್ನು ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ಬೇಕು. ಉತ್ತರ ಕನ್ನಡದಲ್ಲಿ ಯಾವ ಅತಿಕ್ರಮಣದಾರನನ್ನು ಮಾತಾಡಿಸಿದರೂ "ನಮ್ಮ ಜಾಗದ ಜಿಪಿಎಸ್ ಅಳತೆ ಆಗಿದೆ, ಮೂರು ತಲೆಮಾರಿನ ದಾಖಲೆ ಇಲ್ಲ ಅಂತ ನಿಂತಿದೆ" ಎನ್ನುತ್ತಾನೆ. ಆ ಮನೆಯ ಅರ್ಜಿಯೂ ಹಾಗೇ ತಿರಸ್ಕಾರವಾಗಿತ್ತು. ಅಜ್ಜ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಜಪ್ತಿಯ ವರ್ಷವನ್ನು ಕಣ್ಣಾರೆ ಕಂಡವರು ಆ ಮಜರೆಯಲ್ಲಿ ಯಾರೂ ಉಳಿದಿರಲಿಲ್ಲ.

ಇನ್ನೊಂದು ಮಾತು. ಯಾವುದನ್ನು ಸಾಕ್ಷ್ಯವೆಂದು ಒಪ್ಪಬಹುದು ಎಂದು ಅದೇ ಕಾಯ್ದೆಯ ನಿಯಮ 13 ಬಿಡಿಸಿ ಹೇಳುತ್ತದೆ. ಮತದಾರರ ಗುರುತಿನ ಚೀಟಿ, ಮನೆ ತೆರಿಗೆಯ ರಸೀದಿಗಳಂಥ ಕಾಗದಗಳ ಜೊತೆಗೆ ಹಳೆಯ ಬಾವಿ, ಹೂಳುವ ಜಾಗ, ದೇವರ ಬನ ಕೂಡ ಸಾಕ್ಷ್ಯ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ. ಹೆಸರಾಂತ ಸಂಸ್ಥೆಗಳು ಅರಣ್ಯ ಹಕ್ಕಿನ ರೂಢಿಗಳ ಬಗ್ಗೆ ಮಾಡಿದ ಸಂಶೋಧನಾ ಅಧ್ಯಯನವೂ ಸಾಕ್ಷ್ಯ. ಇವುಗಳಲ್ಲಿ ಎರಡಿದ್ದರೆ ಸಾಕು.

ನಾನು ಬರೆದುಕೊಂಡಿದ್ದರಲ್ಲಿ ಇವು ಮೂರೂ ಇದ್ದವು! ಹದಿನೇಳು ಮನೆಗಳ ಕೈನಕ್ಷೆ, ಬಾವಿ ಮತ್ತು ಚೌಡಿ ಕಟ್ಟೆಯ ಗುರುತು, ಅಜ್ಜನ ಹೇಳಿಕೆ. ಅಜ್ಜ ಹೇಳಿದ್ದು ತಮ್ಮ ಮನೆಯ ಕತೆ ಮಾತ್ರವಲ್ಲ, ಅಕ್ಕಪಕ್ಕದ ಮನೆಗಳದ್ದೂ ಸೇರಿತ್ತು. ಹಾಗಾಗಿ ಆ ಮಾತು ಇಡೀ ಮಜರೆಗೆ ಆಗುತ್ತಿತ್ತು. ಆದರೆ 1996ರಲ್ಲಿ ನಾನು ಸಲ್ಲಿಸಿದ ಪ್ರಬಂಧ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಅಜ್ಜ 'ಮಾಹಿತಿದಾರ 14' ಆಗಿದ್ದರು. ಊರಿಗೆ ಸುಳ್ಳು ಹೆಸರಿಟ್ಟಿದ್ದೆ. ಹಲಸಿನ ಮರದ ಮಾತನ್ನಂತೂ ಕೈಬಿಟ್ಟಿದ್ದೆ, ಅದು ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ಕರಡು ತಿದ್ದುವಾಗ ನನಗೇ ಅನ್ನಿಸಿತ್ತು. ಮಾಹಿತಿ ಕೊಟ್ಟವರ ಗುರುತು ಬಚ್ಚಿಡುವುದು ಸಂಶೋಧಕರ ಧರ್ಮ ಎಂದು ನಮಗೆ ಕಲಿಸಿದ್ದರು, ನಾನೂ ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಕಲಿಸಿದೆ. "ಅಜ್ಜ, ನಿಮ್ಮ ಹೆಸರು ಹಾಕಲೋ ಬೇಡವೋ" ಎಂದು ಮಾತ್ರ ನಾನು ಕೇಳಿರಲಿಲ್ಲ. ಕೇಳಿದ್ದರೆ ಆ ಮನುಷ್ಯ ತನ್ನ ಹೆಸರು, ಅಪ್ಪನ ಹೆಸರು, ಬಾವಿ ತೋಡಿದವರ ಹೆಸರು, ಎಲ್ಲವನ್ನೂ ಹಾಕಿ ಎನ್ನುತ್ತಿದ್ದರು. ಅವರು ನನ್ನನ್ನು ಮೂರು ದಿನ ಸುತ್ತಾಡಿಸಿದ್ದೇ ಅದಕ್ಕಾಗಿ ಎಂದು ಈಗ ತಿಳಿಯುತ್ತದೆ.

ನಿಯಮಗಳು ಜಾರಿಗೆ ಬಂದದ್ದು 2008ರ ಜನವರಿಯಲ್ಲಿ. ನಾನು ಅವನ್ನು ಓದಿದ್ದೆ, ತರಗತಿಯಲ್ಲಿ ಪಾಠ ಮಾಡಿದ್ದೆ, ಅದರ ಮೇಲೆ ಎರಡು ಲೇಖನವನ್ನೂ ಪ್ರಕಟಿಸಿದ್ದೆ. ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿರುವ ನೋಟುಬುಕ್ಕುಗಳು ಆ ನಿಯಮದ ಅಡಿಯಲ್ಲಿ ಬರುತ್ತವೆ ಎಂದು ಹನ್ನೊಂದು ವರ್ಷ ನನಗೆ ಹೊಳೆಯಲಿಲ್ಲ. ಫೋನು ಇಟ್ಟ ಮೇಲೆ ಅಟ್ಟ ಹತ್ತಿದೆ. ಏಳು ಪುಸ್ತಕಗಳಲ್ಲಿ ಎರಡನ್ನು ಗೆದ್ದಲು ತಿಂದಿತ್ತು. ಅಜ್ಜನ ಮಾತಿದ್ದ ಮೂರನೆಯದು ಉಳಿದಿತ್ತು.

ಇದನ್ನು ನನ್ನೊಬ್ಬಳ ತಪ್ಪು ಎಂದು ಒಪ್ಪಿಕೊಂಡು ಸುಮ್ಮನಾಗಬಹುದಿತ್ತು. ಹಲವು ತಿಂಗಳು ಸುಮ್ಮನೇ ಇದ್ದೆ. ಆದರೆ ಯೋಚಿಸುತ್ತ ಹೋದಂತೆ ನನ್ನ ವೃತ್ತಿಯುದ್ದಕ್ಕೂ ಈ ಮರೆವನ್ನು ಕಲಿಸುತ್ತ ಬಂದದ್ದು ನಿಮ್ಮ ನಮ್ಮ ನಿಯಮಗಳೇ ಎಂದು ಕಾಣತೊಡಗಿತು. ಅದಕ್ಕೇ ಈ ಪತ್ರ.

ಅಧ್ಯಾಪಕರ ನೇಮಕ, ಬಡ್ತಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ 2018ರ ನಿಯಮಾವಳಿಯ ಅಂಕಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿ. ನಮ್ಮ ವಿಷಯದಲ್ಲಿ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ವಿದೇಶಿ ಪ್ರಕಾಶಕರ ಪುಸ್ತಕಕ್ಕೆ 12, ದೇಶದ ಪ್ರಕಾಶಕರಾದರೆ 10. ಒಂದಿಡೀ ಪುಸ್ತಕ ಅನುವಾದಿಸಿದರೆ 8. ನೀತಿ ದಾಖಲೆ ಬರೆದುಕೊಟ್ಟರೆ ಅಂತರರಾಷ್ಟ್ರೀಯ ಮಟ್ಟದ್ದಕ್ಕೆ 10, ರಾಷ್ಟ್ರಮಟ್ಟದ್ದಕ್ಕೆ 7, ರಾಜ್ಯಮಟ್ಟದ್ದಕ್ಕೆ 4. ಊರು ಹತ್ತಿರವಾದಂತೆ ಅಂಕ ಇಳಿಯುತ್ತದೆ, ಜಿಲ್ಲೆಗೆ ಬರುವ ಮೊದಲೇ ಪಟ್ಟಿ ಮುಗಿದುಹೋಗುತ್ತದೆ. ಗ್ರಾಮಸಭೆ ಅದರಲ್ಲಿಲ್ಲ. ನಾನೊಮ್ಮೆ ಅರಣ್ಯ ಹಕ್ಕಿನ ಸಾಕ್ಷ್ಯಗಳ ಬಗ್ಗೆ ನಲವತ್ತು ಪುಟದ ಕನ್ನಡ ಪುಸ್ತಿಕೆ ಬರೆದು ಕೆಲವು ಹಳ್ಳಿಗಳಲ್ಲಿ ಓದಿ ಹೇಳಿದ್ದೆ. ಬಡ್ತಿಯ ಸಂದರ್ಶನದಲ್ಲಿ ಅದನ್ನು ಮೇಜಿನ ಮೇಲಿಟ್ಟಾಗ ಸದಸ್ಯರೊಬ್ಬರು ಹಿಂದೆ ಮುಂದೆ ತಿರುಗಿಸಿ ನೋಡಿ, ಪ್ರಕಟಿತ ಪುಸ್ತಕಕ್ಕಿರುವ ಐಎಸ್‌ಬಿಎನ್ ಸಂಖ್ಯೆ ಇಲ್ಲವಲ್ಲ ಎಂದು ಮರಳಿಸಿದರು. ಅವರು ಒಳ್ಳೆಯವರೇ. ಅವರ ಮುಂದಿದ್ದ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ಪುಸ್ತಿಕೆಯ ಎರಡನೆಯ ಭಾಗವನ್ನು ನಾನು ಬರೆಯಲಿಲ್ಲ. ಆ ಹೊತ್ತಿನಲ್ಲಿ ಇಂಗ್ಲಿಷಿನಲ್ಲಿ ಎರಡು ಲೇಖನ ಮುಗಿಸಿದೆ. ಎರಡನೆಯ ಭಾಗ ಬಂದಿದ್ದರೆ ಹಳೆಯ ಅಧ್ಯಯನಗಳನ್ನು ಹುಡುಕುವ ಕೆಲಸ ಅದರಲ್ಲಿ ಬರುತ್ತಿತ್ತು, ನನ್ನ ಟ್ರಂಕು ನನಗೇ ನೆನಪಾಗುತ್ತಿತ್ತು.

2025ರ ಜನವರಿಯಲ್ಲಿ ಯುಜಿಸಿ ಹೊಸ ಕರಡು ನಿಯಮ ಪ್ರಕಟಿಸಿದಾಗ ಅದರಲ್ಲಿ ಗಣನೀಯ ಕೊಡುಗೆಗಳ ಪಟ್ಟಿಯೊಂದಿತ್ತು. ಭಾರತೀಯ ಭಾಷೆಗಳಲ್ಲಿ ಬೋಧನೆ, ಸಮುದಾಯದ ಜೊತೆಗಿನ ಕೆಲಸ ಎಂಬ ಬಾಬತ್ತುಗಳು ಅದರಲ್ಲಿ ಸೇರಿದ್ದವು. ನನಗೆ ಸಂತೋಷವಾಗಿತ್ತು. ಆದರೆ ನಮ್ಮಲ್ಲಿ ಚರ್ಚೆ ನಡೆದದ್ದು ಬಹುಪಾಲು ಕುಲಪತಿಗಳನ್ನು ಯಾರು ನೇಮಿಸಬೇಕು ಎಂಬುದರ ಸುತ್ತ. ಅದೂ ಮುಖ್ಯವೇ, ಇಲ್ಲವೆನ್ನುವುದಿಲ್ಲ. ಕುಲಪತಿಗಳಾದ ಮೇಲೆ ಏನು ಮಾಡಬೇಕು ಎಂಬುದೂ ಅಷ್ಟೇ ಮುಖ್ಯ ಎಂದು ನೆನಪಿಸಲು ಬರೆಯುತ್ತಿದ್ದೇನೆ.

ಜನರ ಹತ್ತಿರ ಹೋದರೆ ಸಂಶೋಧನೆ ಕೆಡುತ್ತದೆ, ಸಂಶೋಧಕ ಚಳವಳಿಗಾರನಾಗುತ್ತಾನೆ ಎಂಬ ಆತಂಕ ನಿಮ್ಮಲ್ಲಿ ಕೆಲವರಿಗಾದರೂ ಇದ್ದೀತು. ನಮ್ಮ ಜಿಲ್ಲೆಯಲ್ಲೇ ಅದಕ್ಕೆ ಉತ್ತರವಿದೆ. ದಾಂಡೇಲಿಯ ಕಾಗದದ ಕಾರ್ಖಾನೆಗೆ 1958ರಲ್ಲಿ ಟನ್ನಿಗೆ ಒಂದೂವರೆ ರೂಪಾಯಿಯ ದರದಲ್ಲಿ ಸರ್ಕಾರ ಬಿದಿರು ಕೊಡಲು ಶುರುಮಾಡಿತು. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಕೊಡಬೇಕಿದ್ದ ಬೆಲೆಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಬಿದಿರು ಬರಿದಾಗತೊಡಗಿದಾಗ ದೂರು ಹೋದದ್ದು ಹಳ್ಳಿಗರ ಮತ್ತು ಅವರ ದನಗಳ ಮೇಲೆ. ಭಾರತೀಯ ವಿಜ್ಞಾನ ಸಂಸ್ಥೆಗೆ 1973ರಲ್ಲಿ ಸೇರಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಆ ದಶಕದ ನಡುವಲ್ಲಿ ಇದನ್ನು ಅಧ್ಯಯನ ಮಾಡಲು ಬಂದರು. ಹಾರ್ವರ್ಡಿನಲ್ಲಿ ಗಣಿತದ ಮಾದರಿಗಳನ್ನು ಕಟ್ಟಿ ಪಿಎಚ್‌ಡಿ ಪಡೆದವರು ಅವರು. ಬಿದಿರು ಮೆಳೆಯ ಬುಡದ ಮುಳ್ಳುಹೊದಿಕೆಯನ್ನು ಸವರಿ ಬಿಡಿಸಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂದು ಅರಣ್ಯ ಇಲಾಖೆ ನಂಬಿತ್ತು. ಹಳ್ಳಿಯವರು ಅದರ ಉಲ್ಟಾ ಹೇಳುತ್ತಿದ್ದರು: ಮುಳ್ಳು ತೆಗೆದರೆ ಎಳೆ ಕಳಲೆ ದನದ ಬಾಯಿಗೆ ಸಿಗುತ್ತದೆ, ಮೆಳೆ ಸಾಯುತ್ತದೆ. ಗಾಡ್ಗೀಳರು ಅಳೆದು ನೋಡಿದರು. ಹಳ್ಳಿಯವರ ಮಾತೇ ನಿಜವಾಗಿತ್ತು. ಜನರ ಮಾತಿಗೆ ಕಿವಿಗೊಟ್ಟಿದ್ದರಿಂದ ಅಲ್ಲಿ ವಿಜ್ಞಾನ ನಿಖರವಾಯಿತು.

ಬೇಡ್ತಿಯ ಕತೆ ಇನ್ನೂ ದೊಡ್ಡದು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಶಿರಸಿ, ಯಲ್ಲಾಪುರ ಭಾಗದ ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಲಿಲ್ಲ, ಯೋಜನೆಯ ಲಾಭನಷ್ಟದ ಲೆಕ್ಕವನ್ನೇ ಕೇಳಿದರು. ಮುಳುಗುವ ತೋಟ, ಕಾಡು, ಸೊಪ್ಪು, ಮೇವಿನ ಬೆಲೆಯನ್ನು ತಾವೇ ಕೂಡಿಸಿದರು. 1981ರ ಜನವರಿಯಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣಕ್ಕೆ ವಿಜ್ಞಾನಿಗಳನ್ನು ಕರೆಸಿ ಆ ಲೆಕ್ಕವನ್ನು ಎಲ್ಲರೆದುರು ಇಟ್ಟರು. ಆ ಯೋಜನೆ ನಿಂತಿತು. ನಾನು ಆಗ ಹೈಸ್ಕೂಲು ಹುಡುಗಿ. ವಿಜ್ಞಾನಿಗಳು ಬಂದಾರೆ ಎಂದು ಅಪ್ಪ ಅಂಗಿ ಇಸ್ತ್ರಿ ಮಾಡಿಸಿಕೊಂಡು ಹೋದದ್ದು ನೆನಪಿದೆ. ನಾನು ಈ ವಿಷಯ ಹಿಡಿದದ್ದಕ್ಕೆ ಆ ಇಸ್ತ್ರಿ ಅಂಗಿಯೇ ಕಾರಣವಿರಬೇಕು.

ಅದೇ ಗಾಡ್ಗೀಳರ ಅಧ್ಯಕ್ಷತೆಯಲ್ಲಿ 2010ರಲ್ಲಿ ಪಶ್ಚಿಮಘಟ್ಟ ತಜ್ಞರ ಸಮಿತಿ ರಚನೆಯಾಯಿತು. 2011ರ ಆಗಸ್ಟಿನಲ್ಲಿ ವರದಿ ಸಲ್ಲಿಕೆಯಾಯಿತು. ಯಾವ ಪ್ರದೇಶದಲ್ಲಿ ಏನು ಮಾಡಬಹುದು, ಏನು ಕೂಡದು ಎಂಬುದನ್ನು ಗ್ರಾಮಸಭೆಗಳೊಡನೆ ಚರ್ಚಿಸಿಯೇ ಅಂತಿಮಗೊಳಿಸಬೇಕು ಎಂದು ವರದಿಯೇ ಹೇಳುತ್ತಿತ್ತು. ಆದರೆ ಕೇಂದ್ರ ಸರ್ಕಾರ ಅದನ್ನು ಬಹಿರಂಗಪಡಿಸಿದ್ದು 2012ರ ಮೇ ತಿಂಗಳಿನಲ್ಲಿ, ಅದೂ ಮಾಹಿತಿ ಹಕ್ಕಿನ ಅರ್ಜಿ ಹಾಕಿ ದಿಲ್ಲಿ ಹೈಕೋರ್ಟಿನವರೆಗೆ ಹೋದ ಮೇಲೆ. ನೂರಾರು ಪುಟದ ಇಂಗ್ಲಿಷು. ನಮ್ಮ ಮಲೆನಾಡಿಗೆ ಅದಕ್ಕಿಂತ ಮೊದಲು ಗಾಳಿಮಾತು ತಲುಪಿತ್ತು: ಮನೆ ಬಿಟ್ಟು ಹೋಗಬೇಕಂತೆ, ದನ ಸಾಕುವ ಹಾಗಿಲ್ಲವಂತೆ. ಜನ ತಮ್ಮ ಪರವಾಗಿ ಬರೆದ ವರದಿಯ ವಿರುದ್ಧವೇ ಬೀದಿಗಿಳಿದರು. ಅವರನ್ನು ನಾನು ದೂರುವುದಿಲ್ಲ, ಓದಲಾಗದ ಕಾಗದವನ್ನು ಯಾರು ನಂಬುತ್ತಾರೆ? ನಮ್ಮ ವಿಶ್ವವಿದ್ಯಾಲಯಗಳ ಪರಿಸರ ವಿಭಾಗ, ಸಮಾಜಶಾಸ್ತ್ರ ವಿಭಾಗ, ಕನ್ನಡ ವಿಭಾಗಗಳು ಕೂಡಿ ಕೂತಿದ್ದರೆ ಆ ವರದಿಯನ್ನು ಮೂರು ತಿಂಗಳಿನಲ್ಲಿ ಕನ್ನಡಕ್ಕೆ ತಂದು ಪ್ರತಿ ಪಂಚಾಯಿತಿಯಲ್ಲಿ ಓದಿಸಬಹುದಿತ್ತು. ನಾನೂ ಆಗ ಅಂಥದೊಂದು ವಿಭಾಗದಲ್ಲಿದ್ದೆ. ನಾವು ಆ ವರದಿಯ ಮೇಲೆ ಒಂದು ರಾಷ್ಟ್ರೀಯ ವಿಚಾರ ಸಂಕಿರಣ ಮಾಡಿದೆವು. ಇಂಗ್ಲಿಷಿನಲ್ಲಿ.

ಈಗ ನನ್ನ ಬೇಡಿಕೆ. ಯಾವ ಊರು, ಯಾವ ಸಮುದಾಯ, ಯಾವ ಕಾಡಿನ ಮೇಲೆ ಪ್ರಬಂಧ ಬರೆದರೂ ಅದರ ಸಾರವನ್ನು ಇಪ್ಪತ್ತು ಪುಟ ಕನ್ನಡದಲ್ಲಿ ಬರೆದು ಆ ಊರಿನಲ್ಲಿ ಓದಿ ಹೇಳದೆ ಮೌಖಿಕ ಪರೀಕ್ಷೆ ನಡೆಸಬೇಡಿ. ಸಭೆಯಲ್ಲಿ ಜನ ಒಪ್ಪದ್ದನ್ನು, ತಿದ್ದಿದ್ದನ್ನು ಪ್ರಬಂಧದ ಕೊನೆಗೆ ಸೇರಿಸಿ. ಇದಕ್ಕೆ ದಿಲ್ಲಿಯ ಅಪ್ಪಣೆಗೆ ಕಾಯಬೇಕಿಲ್ಲ ಎಂದೇ ನನ್ನ ತಿಳಿವಳಿಕೆ, ನಿಮ್ಮ ವಿದ್ಯಾವಿಷಯಕ ಪರಿಷತ್ತಿನ ಒಂದು ನಿರ್ಣಯ ಸಾಕು. ಸಭೆ ಎಂದರೆ ಪಂಚಾಯಿತಿ ಕಟ್ಟೆಯ ದೊಡ್ಡ ಸಭೆಯೇ ಆಗಬೇಕೆಂದಿಲ್ಲ. ಅಲ್ಲಿ ತೋಟದ ಒಡೆಯರ ಎದುರು ಕೂಲಿಯವರು ಬಾಯಿ ಬಿಡುವುದಿಲ್ಲ, ನಾನು ಕಂಡಿದ್ದೇನೆ. ಮಜರೆಯ ಅಂಗಳದಲ್ಲಿ, ಹೆಂಗಸರು ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ ಎಂಟಕ್ಕೆ ಕೂತರೂ ಆದೀತು.

ಹೆಸರಿನ ವಿಷಯದಲ್ಲಿ ಜನರನ್ನೇ ಕೇಳುವಂತೆ ನಮೂನೆಯನ್ನು ಬದಲಿಸಿ. ಬಚ್ಚಿಡಲೇಬೇಕಾದ ಹೆಸರುಗಳಿವೆ. ಕಾಡಿನಿಂದ ಏನಾದರೂ ತಂದದ್ದಕ್ಕೆ ಕೇಸು ಬೀಳಬಹುದಾದವರು, ಮನೆಯೊಳಗಿನ ಹಿಂಸೆ ಹೇಳಿಕೊಂಡವರು, ಅವರ ಗುರುತು ಕಾಯುವುದು ನಮ್ಮ ಹೊಣೆ. ಆದರೆ ತಾನು ಇಲ್ಲಿಯವನೆಂದು ಸಾರಿ ಹೇಳಬೇಕಾದವನ ಹೆಸರನ್ನು ಅಳಿಸಿ ಒಂದು ಸಂಖ್ಯೆ ಕೊಡುವ ಹಕ್ಕು ನಮಗೆ ಯಾರು ಕೊಟ್ಟರು? ಹಾಗೆಯೇ ಕ್ಷೇತ್ರಕಾರ್ಯದ ಪುಸ್ತಕ, ನಕ್ಷೆ, ಧ್ವನಿಮುದ್ರಣಗಳು ಸಂಶೋಧಕರ ಅಟ್ಟದಲ್ಲಿ ಗೆದ್ದಲಿಗೆ ಸಿಗಬಾರದು. ಪಿಎಚ್‌ಡಿ ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಪ್ರಬಂಧಗಳು ಸಿಗುತ್ತವೆ, ಬಹಳ ಉಪಕಾರವಾಗಿದೆ. ಆ ಹುಡುಗಿ ನನ್ನ ಪ್ರಬಂಧವನ್ನು ಕಂಡದ್ದೂ ಅಲ್ಲೇ, ಚೌಡಿ ಕಟ್ಟೆಯ ವರ್ಣನೆ ಓದಿ ಇದು ನಮ್ಮೂರೇ ಎಂದು ಗುರುತು ಹಿಡಿದಿದ್ದಳು. ಆದರೆ ಪ್ರಬಂಧದ ಹಿಂದಿನ ನೋಟುಬುಕ್ಕು ಅಲ್ಲಿರುವುದಿಲ್ಲ. ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒಂದು ಕೋಣೆ ಮಾಡಿ, ನಿವೃತ್ತರಾದ ನಮ್ಮಂಥವರ ಟ್ರಂಕುಗಳನ್ನು ತರಿಸಿ. ಶರಾವತಿ ಮುಳುಗಡೆಯಾದವರು ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಅರವತ್ತು ವರ್ಷವಾದರೂ ಭೂಮಿಯ ಹಕ್ಕಿಗಾಗಿ ಪಾದಯಾತ್ರೆ ಮಾಡುತ್ತಿದ್ದಾರೆ. ಅವರ ಮೇಲೆ ಬರೆದ ಪ್ರಬಂಧಗಳ ಟಿಪ್ಪಣಿಗಳಲ್ಲಿ ಯಾರ ಮನೆಯ ಸಾಕ್ಷ್ಯ ಕೂತಿದೆಯೋ ಯಾರು ಬಲ್ಲರು.

ಬಡ್ತಿಯ ಲೆಕ್ಕದಲ್ಲಿ ಊರಿಗೆ ಮರಳಿ ಕೊಟ್ಟ ಕೆಲಸಕ್ಕೂ ಒಂದು ಸಾಲು ಇರಲಿ. ಅಂಕ ಎಷ್ಟೆಂದು ನಾನು ಹೇಳುವುದಿಲ್ಲ. ಪಿಎಚ್‌ಡಿ ಮುಗಿಸಿ ಅತಿಥಿ ಉಪನ್ಯಾಸಕರಾಗಿ ಅಲೆಯುವ ಹುಡುಗ ಹುಡುಗಿಯರಿಗೆ ಒಂದು ಲೇಖನ ಬಿಟ್ಟು ಹತ್ತು ದಿನ ಹಳ್ಳಿಯಲ್ಲಿ ಕೂರುವುದೆಂದರೆ ಹೊಟ್ಟೆಯ ಪ್ರಶ್ನೆ. ಕಾಯಂ ಹುದ್ದೆಯಲ್ಲಿದ್ದ ನಾನೇ ಕೂರಲಿಲ್ಲ, ಅವರಿಗೆ ಉಪದೇಶ ಮಾಡುವ ಮುಖ ನನಗಿಲ್ಲ. ನೀವು ದಾರಿ ಮಾಡಿಕೊಟ್ಟರೆ ಅವರು ಕೂರುತ್ತಾರೆ. ಅವರಿಗೆ ಆ ಮನಸ್ಸಿದೆ, ನನ್ನ ಕೊನೆಯ ಹತ್ತು ವರ್ಷದ ವಿದ್ಯಾರ್ಥಿಗಳನ್ನು ನೋಡಿ ಹೇಳುತ್ತಿದ್ದೇನೆ.

ಆ ಮಜರೆಗೆ ನಾನು ಮತ್ತೆ ಹೋದದ್ದು ಅದೇ ವರ್ಷದ ಕೊನೆಗೆ. ಮೂರನೆಯ ನೋಟುಬುಕ್ಕಿನ ಪುಟಗಳನ್ನು ಬೆರಳಚ್ಚು ಮಾಡಿಸಿ, ಪ್ರಬಂಧದ ಆ ಅಧ್ಯಾಯವನ್ನು ಕನ್ನಡಕ್ಕೆ ತಂದು, 'ಮಾಹಿತಿದಾರ 14' ಎಂದರೆ ಯಾರು ಎಂದು ಅಫಿಡವಿಟ್ಟಿನಲ್ಲಿ ಬರೆದುಕೊಟ್ಟೆ. ಮರುಪರಿಶೀಲನೆಯ ಅರ್ಜಿಯ ಜೊತೆ ಅದು ಹೋಯಿತು. ಇಂಥದೇ ಕಾಗದ ಬೇಕು ಎಂದು ಮೇಲಿನ ಸಮಿತಿಗಳು ಹಟ ಹಿಡಿಯಬಾರದು ಎಂದು ಅರಣ್ಯ ಹಕ್ಕು ನಿಯಮಗಳ 2012ರ ತಿದ್ದುಪಡಿ ಹೇಳುತ್ತದೆ, ಅದನ್ನೂ ಲಗತ್ತಿಸಿದೆವು. ಇವತ್ತಿಗೂ ತೀರ್ಮಾನವಾಗಿಲ್ಲ.

ಹೊರಡುವಾಗ ಅಜ್ಜನ ಸೊಸೆ, ಈಗ ಅವರೂ ಮುದುಕಿ, ನೋಟುಬುಕ್ಕನ್ನು ಕೈಗೆ ತೆಗೆದುಕೊಂಡು ಮಾವನ ಮಾತು ಯಾವ ಪುಟದಲ್ಲಿದೆ ಎಂದು ಕೇಳಿದರು. ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಮೊಮ್ಮಗಳ ಕೈಲಿ ಓದಿಸಿದರು. ಕರ, ಜಪ್ತಿ, ಮರ ಹತ್ತಿದ್ದು, ಎಲ್ಲ ಮುಗಿದ ಮೇಲೆ ಇನ್ನೊಂದು ಸಲ ಓದು ಎಂದರು. ಆಮೇಲೆ ಒಳಗೆ ಹೋಗಿ ಆ ಮರದ್ದೇ ಹಲಸಿನ ಹಪ್ಪಳದ ಒಂದು ಕಟ್ಟು ತಂದು ನನ್ನ ಚೀಲಕ್ಕೆ ಹಾಕಿದರು.

ನಿಮ್ಮ ಮುಂದಿನ ವಿದ್ಯಾವಿಷಯಕ ಪರಿಷತ್ತಿನ ಸಭೆಯಲ್ಲಿ ಈ ವಿಷಯ ಬರಲಿ. ಕರೆದರೆ ನೋಟುಬುಕ್ಕು ಹಿಡಿದುಕೊಂಡು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಮಾಜಶಾಸ್ತ್ರ ಅಧ್ಯಾಪಕಿ,
ಉತ್ತರ ಕನ್ನಡ